ಪೂಲ್ ಬೇಡವೆಂದ ಡಿಸ್ಕ್

(ಮುಂಬಯಿ, ಠಾಣೆ, ನವಿ ಮುಂಬಯಿಯ ಕಚೇರಿಗಳಲ್ಲಿ ಸರ್ವರ್ ನೋಡಿಕೊಳ್ಳುವ ಕನ್ನಡಿಗರ ಎದುರು ಮಾಟುಂಗದಲ್ಲಿ ಆಡಿದ ಮಾತಿನ ಬರಹ ರೂಪ. ತೆರೆಯ ಮೇಲೆ ತೋರಿಸಿದ ಕಮಾಂಡ್‌ಗಳನ್ನು ಇಲ್ಲಿ ಉಚ್ಚಾರದಂತೆ ಕನ್ನಡ ಅಕ್ಷರದಲ್ಲಿ ಕೊಟ್ಟಿದೆ. ಯಂತ್ರಕ್ಕೆ ಹೊಡೆಯುವಾಗ ಇಂಗ್ಲಿಷಿನಲ್ಲೇ ಹೊಡೆಯಬೇಕು.)

ಎಲ್ಲರಿಗೂ ನಮಸ್ಕಾರ. ಭಾನುವಾರದ ಲೋಕಲ್ ರೈಲಿನ ಮೆಗಾ ಬ್ಲಾಕ್ ದಾಟಿಕೊಂಡು ಡೊಂಬಿವಲಿ, ವಾಶಿಯಿಂದ ಬಂದವರಿದ್ದೀರಿ. ಪೀಠಿಕೆ ಹಾಕಿ ಹೊತ್ತು ಕಳೆಯುವುದಿಲ್ಲ, ನೇರ ಡಿಸ್ಕಿಗೇ ಬರುತ್ತೇನೆ.

ಎರಡು ಸರ್ವರ್ ಇವೆ ಎಂದುಕೊಳ್ಳಿ. ಒಂದೊಂದರಲ್ಲೂ ಕ್ಯಾಶ್‌ಗೆ ಎರಡು ಎಸ್‌ಎಸ್‌ಡಿ, ಡೇಟಾಗೆ 4 ಟಿಬಿಯ ನಾಲ್ಕು ಹಾರ್ಡ್‌ಡಿಸ್ಕ್. ಒಟ್ಟು ಹನ್ನೆರಡು. ಇವನ್ನೆಲ್ಲ ಕೂಡಿಸಿ ಒಂದು ಪೂಲ್, ಅಂದರೆ ಜಾಗದ ಒಂದೇ ಒಟ್ಟು ರಾಶಿ, ಮಾಡಬೇಕು. ವಿಂಡೋಸ್ ಸರ್ವರಿನ ಸ್ಟೋರೇಜ್ ಸ್ಪೇಸಸ್ ಡೈರೆಕ್ಟ್ (ಎಸ್2ಡಿ) ಇರಲಿ, ಒಂದೇ ಸರ್ವರಿನೊಳಗಿನ ಡಿಸ್ಕ್ ಕೂಡಿಸುವ ಝಡ್‌ಎಫ್‌ಎಸ್ ಇರಲಿ, ಸರ್ವರುಗಳ ನಡುವೆ ಹಂಚುವ ಸೆಫ್ ಇರಲಿ, ಆಸೆ ಒಂದೇ. ಕಮಾಂಡ್ ಕೊಟ್ಟಾಗ ಬರುವ ಉತ್ತರ: ಡಿಸ್ಕ್ ಹೊಂದುವುದಿಲ್ಲ. ಅದೇ ಡಿಸ್ಕನ್ನು ಬಿಚ್ಚಿ ಬೇರೆ ಕಂಪ್ಯೂಟರಿಗೆ ಹಾಕಿದರೆ ಸಲೀಸಾಗಿ ಫಾರ್ಮ್ಯಾಟ್ ಆಗುತ್ತದೆ, ಫೈಲ್ ಕಾಪಿ ಆಗುತ್ತದೆ. ಹಾಗಾದರೆ ಹೊಂದದೆ ಇರುವುದು ಏನು?

ಹಳೆಯ ಪದ್ಧತಿಯಲ್ಲಿ ರೇಡ್ ಕಾರ್ಡ್ ಒಂದು ಇರುತ್ತಿತ್ತು. ಅದು ದಲಾಲನ ಹಾಗೆ. ನಾಲ್ಕು ಡಿಸ್ಕ್ ತನ್ನ ಬೆನ್ನ ಹಿಂದೆ ಇಟ್ಟುಕೊಂಡು ಆಪರೇಟಿಂಗ್ ಸಿಸ್ಟಮ್‌ಗೆ ‘ಒಂದು ದೊಡ್ಡ ಡಿಸ್ಕ್ ಇದೆ, ತಗೋ’ ಅನ್ನುತ್ತಿತ್ತು. ಹಿಂದೆ ಯಾವ ಡಿಸ್ಕ್, ಯಾವ ನಂಬರ್, ಯಾವುದಕ್ಕೆ ಜ್ವರ ಬಂದಿದೆ ಎಂಬುದನ್ನು ಸಿಸ್ಟಮ್ ಕೇಳುತ್ತಲೂ ಇರಲಿಲ್ಲ, ಕಾರ್ಡ್ ಹೇಳುತ್ತಲೂ ಇರಲಿಲ್ಲ. ಪೂಲ್‌ನಲ್ಲಿ ಆ ದಲಾಲಿ ಕೆಲಸವನ್ನೆಲ್ಲ ಸಾಫ್ಟ್‌ವೇರೇ ಮಾಡುತ್ತದೆ. ಯಾವ ಬ್ಲಾಕಿನ ಪ್ರತಿ ಯಾವ ಡಿಸ್ಕಿನಲ್ಲಿ, ಯಾವ ಸರ್ವರಿನಲ್ಲಿ ಎಂದು ಅದೇ ಲೆಕ್ಕ ಇಡಬೇಕು. ಆದ್ದರಿಂದ ಪ್ರತಿ ಡಿಸ್ಕೂ ತನ್ನ ಸ್ವಂತ ಹೆಸರು, ಸ್ವಂತ ನಂಬರ್, ಸ್ವಂತ ಸೆಕ್ಟರ್ (ಡಿಸ್ಕ್ ಒಮ್ಮೆಗೆ ಓದಿ ಬರೆಯುವ ತುಂಡು) ಅಳತೆ, ಸ್ವಂತ ಆರೋಗ್ಯದ ವಿವರ ಹೊತ್ತು ಎದುರಿಗೆ ನಿಲ್ಲಬೇಕು. ನಡುವೆ ಯಾರಾದರೂ ನಿಂತು ಇದರಲ್ಲಿ ಒಂದನ್ನು ಮುಚ್ಚಿದರೂ ಪೂಲ್ ಒಲ್ಲೆ ಅನ್ನುತ್ತದೆ. ಇವತ್ತಿನ ಮಾತೆಲ್ಲ ಆ ‘ಯಾರಾದರೂ’ ಯಾರು ಎಂದು ಹುಡುಕುವ ಬಗ್ಗೆ.

ಮೊದಲು ಎಣಿಸಿ

ಪವರ್‌ಶೆಲ್ ತೆರೆದು ಗೆಟ್-ಫಿಸಿಕಲ್‌ಡಿಸ್ಕ್ ಕೊಡಿ. ಅದರ ಜೊತೆಗೆ ಆರು ಕಾಲಂ ಕೇಳಿ: ಫ್ರೆಂಡ್ಲಿನೇಮ್, ಸೀರಿಯಲ್‌ನಂಬರ್, ಮೀಡಿಯಾಟೈಪ್, ಬಸ್‌ಟೈಪ್, ಕ್ಯಾನ್‌ಪೂಲ್, ಕ್ಯಾನಾಟ್‌ಪೂಲ್‌ರೀಸನ್. ಲಿನಕ್ಸ್‌ನಲ್ಲಾದರೆ ಎಲ್‌ಎಸ್‌ಬಿಎಲ್‌ಕೆಗೆ ಹೆಸರು, ಸೀರಿಯಲ್, ಡಬ್ಲ್ಯುಡಬ್ಲ್ಯುಎನ್ (ಡಿಸ್ಕಿನ ಜಾಗತಿಕ ಗುರುತು ಸಂಖ್ಯೆ), ಲಾಜಿಕಲ್ ಸೆಕ್ಟರ್, ಫಿಸಿಕಲ್ ಸೆಕ್ಟರ್ ಕಾಲಂ ಸೇರಿಸಿ. ತಪ್ಪು ಯಾವುದು ಎಂದು ಹುಡುಕುವ ಮೊದಲು ಸಾಲುಗಳನ್ನು ಎಣಿಸಿ. ಒಂದು ಸರ್ವರಿನಲ್ಲಿ ಬೂಟ್ ಡಿಸ್ಕ್ ಬಿಟ್ಟು ಆರು ಇರಬೇಕು. ಐದು ಇದ್ದರೆ ಅದು ಪೂಲಿನ ತಕರಾರಲ್ಲ, ವೈರಿನ ತಕರಾರು. ಈ ಎರಡನ್ನೂ ಒಂದೇ ಚೀಲಕ್ಕೆ ಹಾಕಿದರೆ ಇಡೀ ದಿನ ಹೋಗುತ್ತದೆ.

ಕಾಣದ ಡಿಸ್ಕಿಗೆ ಮೂರು ಸಾಮಾನ್ಯ ಕಾರಣ. ಒಂದು, ಸೀಳು ಕೇಬಲ್. ಕಾರ್ಡಿನ ಒಂದು ಬಾಯಿಂದ ನಾಲ್ಕು ಸಾಟಾ ತಲೆಗಳಾಗಿ ಒಡೆಯುವ ಬ್ರೇಕ್‌ಔಟ್ ಕೇಬಲ್‌ನಲ್ಲಿ ಫಾರ್ವರ್ಡ್, ರಿವರ್ಸ್ ಎಂದು ಎರಡು ಜಾತಿ. ಕಾರ್ಡಿನಿಂದ ಡಿಸ್ಕಿಗೆ ಹೋಗುವುದು ಫಾರ್ವರ್ಡ್. ಮದರ್‌ಬೋರ್ಡಿನ ನಾಲ್ಕು ಸಾಟಾ ಪೋರ್ಟ್‌ಗಳಿಂದ ಬ್ಯಾಕ್‌ಪ್ಲೇನಿಗೆ (ಡಿಸ್ಕ್‌ಗಳು ಕೂರುವ ಹಿಂಬದಿಯ ಹಲಗೆ) ಹೋಗುವುದು ರಿವರ್ಸ್. ಕಣ್ಣಿಗೆ ಎರಡೂ ಒಂದೇ. ತಿರುಗುಮುರುಗಾದರೆ ಒಂದು ಡಿಸ್ಕೂ ಕಾಣುವುದಿಲ್ಲ.

ಎರಡನೆಯದು ಮೂರನೇ ಪಿನ್. ಸಾಟಾ 3.3 ಬಂದ ಮೇಲೆ ಪವರ್ ಸಾಕೆಟ್ಟಿನ ಮೂರನೇ ಪಿನ್ನಿಗೆ ಹೊಸ ಕೆಲಸ ಕೊಟ್ಟರು: ಅಲ್ಲಿ 3.3 ವೋಲ್ಟ್ ಬಂದರೆ ಡಿಸ್ಕ್ ಆಫ್ ಆಗಿರಬೇಕು. ಹಳೆಯ ಪವರ್ ಸಪ್ಲೈಗಳು ಮೊದಲ ಮೂರು ಪಿನ್ನಿಗೂ 3.3 ವೋಲ್ಟ್ ಸದಾ ಕೊಡುತ್ತಲೇ ಇರುತ್ತವೆ. ಹೊಸ ಡಿಸ್ಕ್ ಅದನ್ನು ‘ಮಲಗು’ ಎಂಬ ಅಪ್ಪಣೆ ಎಂದುಕೊಂಡು ಮಲಗಿಬಿಡುತ್ತದೆ. ಕೈಯಿಟ್ಟು ನೋಡಿದರೆ ತಿರುಗುವ ಕಂಪನವೇ ಇರುವುದಿಲ್ಲ. ಡೇಟಾ ಸಾಕೆಟ್ಟಿನ ಪಕ್ಕದ ತುದಿಯಿಂದ ಎಣಿಸಿ ಮೂರನೇ ಪಿನ್ನಿನ ಮೇಲೆ ಕ್ಯಾಪ್ಟನ್ ಟೇಪಿನ ಸಣ್ಣ ಪಟ್ಟಿ ಅಂಟಿಸಿದರೆ ಎದ್ದು ಕೂರುತ್ತದೆ. ಮೊಬೈಲ್ ರಿಪೇರಿಯವರು ಬಳಸುವ ಆ ಹಳದಿ-ಕಂದು ಟೇಪೇ. ಸೆಲ್ಲೋಟೇಪ್ ಬೇಡ, ಬಿಸಿಗೆ ಅಂಟು ಕರಗಿ ಮುಂದಿನ ಬಾರಿ ಡಿಸ್ಕ್ ಎಳೆದಾಗ ಸಾಕೆಟ್ಟಿನೊಳಗೇ ಉಳಿಯುತ್ತದೆ.

ಮೂರು, ಹಳೆಯ ಕಾರ್ಡಿನ ಮಿತಿ. ಎಸ್‌ಎಎಸ್1068ಇ ಚಿಪ್ಪಿನ ಕಾರ್ಡ್‌ಗಳು ಸುಮಾರು 2.2 ಟಿಬಿಯ ಆಚೆ ನೋಡಲಾರವು. 4 ಟಿಬಿ ಡಿಸ್ಕ್ 2 ಟಿಬಿಯಾಗಿ ಕಂಡರೆ ಡಿಸ್ಕ್ ಬದಲಿಸಬೇಡಿ, ಕಾರ್ಡ್ ಬದಲಿಸಿ. 3.64 ಎಂದು ಕಂಡರೆ ಮಾತ್ರ ಗಾಬರಿ ಬೇಡ. ಕಂಪನಿ ಸಾವಿರದ ಲೆಕ್ಕದಲ್ಲಿ ಅಳೆದಿದೆ, ವಿಂಡೋಸ್ 1024ರ ಲೆಕ್ಕದಲ್ಲಿ ಅಳೆದಿದೆ, ಅಷ್ಟೇ.

ನಮ್ಮೂರಿನ ಇನ್ನೊಂದು ಮಾತು: ಕಡಲ ಗಾಳಿ. ಗೋಡೌನಿನಲ್ಲಿ ಒಂದು ಮಳೆಗಾಲ ಕಳೆದ ಬ್ಯಾಕ್‌ಪ್ಲೇನಿನ ಪಿನ್ನುಗಳಲ್ಲಿ ಮಸಿ ಹಿಡಿದಿರುತ್ತದೆ. ಸ್ಮಾರ್ಟ್ ವಿವರದಲ್ಲಿ (ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಡುವ ಲೆಕ್ಕ) 199ನೇ ಸಾಲು, ಅಂದರೆ ಸಿಆರ್‌ಸಿ ಎಣಿಕೆ, ಏರುತ್ತಾ ಹೋದರೆ ಅದು ಕೇಬಲ್ ಅಥವಾ ಸಂಪರ್ಕದ ದೋಷ. 5 ಮತ್ತು 197ನೇ ಸಾಲು ಏರಿದರೆ ಡಿಸ್ಕಿನದೇ ದೋಷ. ಐಸೊಪ್ರೊಪಿಲ್ ಆಲ್ಕೋಹಾಲಿನಲ್ಲಿ ಒರೆಸಿ, ಒಣಗಿಸಿ, ಮತ್ತೆ ನೋಡಿ. 199ರ ಹಳೆಯ ಅಂಕಿ ಇಳಿಯುವುದಿಲ್ಲ. ಏರುವುದು ನಿಂತಿತೋ ಇಲ್ಲವೋ ಅದನ್ನಷ್ಟೇ ನೋಡಬೇಕು.

ಬಸ್‌ಟೈಪ್: ಅಸಲಿ ಕಥೆ ಇಲ್ಲೇ

ಆರೂ ಡಿಸ್ಕ್ ಕಂಡವು. ಈಗ ಬಸ್‌ಟೈಪ್ ಕಾಲಂ, ಅಂದರೆ ಡಿಸ್ಕ್ ಯಾವ ಬಗೆಯ ಸಂಪರ್ಕದಲ್ಲಿ ಬಂದಿದೆ ಎಂಬುದು. ಅಲ್ಲಿ ಸಾಟಾ, ಸ್ಯಾಸ್ ಅಥವಾ ಎನ್‌ವಿಎಂಇ ಎಂದಿರಬೇಕು. ರೇಡ್ ಎಂದಿದ್ದರೆ ದಲಾಲ ಕುಳಿತಿದ್ದಾನೆ ಎಂದರ್ಥ. ಸ್ಟೋರೇಜ್ ಸ್ಪೇಸಸ್ ಡೈರೆಕ್ಟ್ ಆನ್ ಮಾಡುವಾಗ ‘ನೋ ಡಿಸ್ಕ್ಸ್ ವಿತ್ ಸಪೋರ್ಟೆಡ್ ಬಸ್ ಟೈಪ್ಸ್ ಫೌಂಡ್’ ಎಂದು ಬರುವುದು ಇದಕ್ಕೇ. ಇಲ್ಲೊಂದು ಮೋಸವಿದೆ: ಒಂಟಿ ಸರ್ವರಿನಲ್ಲಿ ನೋಡಿದಾಗ ಅದೇ ಡಿಸ್ಕಿನ ಕ್ಯಾನ್‌ಪೂಲ್ ಕಾಲಂ ಟ್ರೂ ಎಂದೇ ತೋರಿಸಿರಬಹುದು. ಒಂಟಿ ಯಂತ್ರದ ಸ್ಟೋರೇಜ್ ಸ್ಪೇಸಸ್ ಸ್ವಲ್ಪ ಉದಾರಿ, ಕ್ಲಸ್ಟರ್ (ಒಂದಾಗಿ ದುಡಿಯುವ ಸರ್ವರುಗಳ ಗುಂಪು) ಅಷ್ಟು ಉದಾರಿಯಲ್ಲ. ಟ್ರೂ ನೋಡಿ ಮುಂದೆ ಹೋದವರು ಕ್ಲಸ್ಟರ್ ಕಟ್ಟಿದ ಮೇಲೆ ತಲೆ ಕೆರೆದುಕೊಳ್ಳುತ್ತಾರೆ.

ರೇಡ್ ಎಂದು ತೋರಿಸುವ ಮೂಲ ಮೂರು ಕಡೆ ಇರಬಹುದು. ಮದರ್‌ಬೋರ್ಡಿನ ಬಯೋಸ್‌ನಲ್ಲಿ ಸಾಟಾ ಮೋಡ್ ರೇಡ್ ಎಂದಿದ್ದರೆ ಎಎಚ್‌ಸಿಐಗೆ ಬದಲಿಸಿ. ಆದರೆ ಅದೇ ಕಂಟ್ರೋಲರಿನಿಂದ ವಿಂಡೋಸ್ ಬೂಟ್ ಆಗುತ್ತಿದ್ದರೆ, ಬದಲಿಸಿದ ಮೇಲೆ ‘ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್’ ಎಂಬ ನೀಲಿ ತೆರೆ ಬರಬಹುದು. ಆದ್ದರಿಂದ ವಿಂಡೋಸ್ ಹಾಕುವ ಮೊದಲೇ ಇದನ್ನು ಮುಗಿಸಿಬಿಡಿ. ಎರಡನೆಯದು ಇಂಟೆಲ್ ವಿಎಂಡಿ. ಇದು ಆನ್ ಇದ್ದರೆ ಎನ್‌ವಿಎಂಇ ಡಿಸ್ಕ್ ಕೂಡ ರೇಡ್ ವೇಷದಲ್ಲಿ ಬರುತ್ತದೆ. ಬಯೋಸ್‌ನಲ್ಲಿ ಆಫ್ ಮಾಡಿ, ವಿಂಡೋಸ್ ಜೊತೆಗೇ ಬರುವ ಸ್ಟಾರ್‌ಎನ್‌ವಿಎಂಇ ಡ್ರೈವರನ್ನೇ ಬಿಡಿ. ಕಂಪನಿಯ ಬೇರೆ ಡ್ರೈವರ್ ಹಾಕಲು ಹೋಗಬೇಡಿ.

ಮೂರನೆಯದು ಕಾರ್ಡ್. ಇಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಲ್ಯಾಮಿಂಗ್ಟನ್ ರೋಡಿಗೆ ಹೋಗಿ ಸೆಕೆಂಡ್ ಹ್ಯಾಂಡ್ ಕಾರ್ಡ್ ಕೊಳ್ಳುವವರು ನಮ್ಮಲ್ಲಿ ಬಹಳ. ಅಂಗಡಿಯಲ್ಲಿ ಡೆಲ್ಲಿನ ಎಚ್‌ಬಿಎ 330 ಮತ್ತು ಪರ್ಕ್ ಎಚ್330 ಅಕ್ಕಪಕ್ಕ ಇರುತ್ತವೆ. ಹೆಸರಿನಲ್ಲಿ ಎರಡಕ್ಷರದ ಅಂತರ, ಒಳಗಿನ ಚಿಪ್ಪೂ ಒಂದೇ, ಎಸ್‌ಎಎಸ್3008. ಆದರೆ ಮೊದಲನೆಯದು ಡಿಸ್ಕನ್ನು ಇದ್ದ ಹಾಗೇ ದಾಟಿಸುವ ಕಾರ್ಡ್ (ಇದನ್ನೇ ಎಚ್‌ಬಿಎ ಎನ್ನುವುದು), ಎರಡನೆಯದು ರೇಡ್ ಕಾರ್ಡ್. ಪೂಲ್‌ಗೆ ಬೇಕಾದದ್ದು ಮೊದಲನೆಯದು. ‘ಇದರಲ್ಲೂ ನಾನ್-ರೇಡ್ ಮೋಡ್ ಇದೆ ಸಾಬ್’ ಎಂದು ಅಂಗಡಿಯವನು ಹೇಳಿದರೆ ಅವನು ಸುಳ್ಳು ಹೇಳುತ್ತಿಲ್ಲ. ಆದರೆ ಆ ಮೋಡಿನಲ್ಲೂ ನಡುವೆ ರೇಡ್ ಡ್ರೈವರೇ ಇರುತ್ತದೆ, ಸ್ಟೋರೇಜ್ ಸ್ಪೇಸಸ್ ಡೈರೆಕ್ಟ್‌ಗೆ ಸರಳ ಎಚ್‌ಬಿಎಯೇ ಬೇಕು.

ಝಡ್‌ಎಫ್‌ಎಸ್ ಮಾಡುವವರಲ್ಲಿ ಎಲ್‌ಎಸ್‌ಐ 9211-8ಐ ಇನ್ನೂ ಓಡುತ್ತಿದೆ. ಎಸ್‌ಎಎಸ್2008 ಚಿಪ್ಪಿನ ಈ ಕಾರ್ಡಿಗೆ ಐಆರ್, ಐಟಿ ಎಂದು ಎರಡು ಫರ್ಮ್‌ವೇರ್ (ಕಾರ್ಡಿನೊಳಗೇ ಕೂತಿರುವ ತಂತ್ರಾಂಶ). ಐಆರ್ ಎಂದರೆ ರೇಡ್, ಐಟಿ ಎಂದರೆ ನೇರ ದಾರಿ. ಸ್ಯಾಸ್2ಫ್ಲ್ಯಾಶ್ ಎಂಬ ಸಲಕರಣೆಗೆ ಲಿಸ್ಟ್ ಎಂದು ಕೇಳಿದರೆ ಫರ್ಮ್‌ವೇರ್ ಪ್ರಾಡಕ್ಟ್ ಐಡಿಯ ಪಕ್ಕದಲ್ಲಿ ಐಟಿಯೋ ಐಆರೋ ಎಂದು ಬರೆದಿರುತ್ತದೆ. ಐಆರ್ ಇದ್ದರೆ ಬದಲಿಸುವ ಕ್ರಮ ಹೀಗೆ: ಕಾರ್ಡಿನ ಸ್ಟಿಕರಿನಲ್ಲಿರುವ ಸ್ಯಾಸ್ ಅಡ್ರೆಸ್, 500605ಬಿ ಎಂದು ಶುರುವಾಗುವ 16 ಅಂಕಿ-ಅಕ್ಷರ, ಮೊದಲು ಕಾಗದದಲ್ಲಿ ಬರೆದಿಟ್ಟುಕೊಳ್ಳಿ. ಡೇಟಾ ಡಿಸ್ಕ್‌ಗಳ ಕೇಬಲ್ ಎಲ್ಲ ಬಿಚ್ಚಿ. ಹಳೆಯ ಫರ್ಮ್‌ವೇರ್ ಅಳಿಸಿ. ಅಳಿಸಿದ ಮೇಲೆ ಯಂತ್ರವನ್ನು ರೀಸ್ಟಾರ್ಟ್ ಮಾಡದೆ ಅಲ್ಲೇ 2118ಐಟಿ ಫೈಲನ್ನು ಬರೆಸಿ. ಅಳಿಸಿ ಬರೆಯುವ ನಡುವೆ ಕರೆಂಟ್ ಹೋದರೆ ಕಾರ್ಡನ್ನು ಮತ್ತೆ ಬದುಕಿಸುವುದು ಕಷ್ಟದ ಕೆಲಸ, ಯುಪಿಎಸ್ ಇಲ್ಲದೆ ಕೈ ಹಾಕಬೇಡಿ. ಬರೆದಾದ ಮೇಲೆ ಸ್ಯಾಸ್ ಅಡ್ರೆಸ್ ಮತ್ತೆ ತುಂಬಿ. ಒಂದೇ ಯಂತ್ರದಲ್ಲಿ ಎರಡು ಕಾರ್ಡ್ ಇದ್ದರೆ ಇದನ್ನು ಮರೆಯಲೇಬಾರದು. ಬೂಟ್ ರಾಮ್ ಬರೆಯುವುದು ಬೇಡ. ಆ ಡಿಸ್ಕುಗಳಿಂದ ಬೂಟ್ ಮಾಡುವುದಿಲ್ಲವಲ್ಲ, ಅದಿಲ್ಲದಿದ್ದರೆ ಯಂತ್ರ ಬೇಗ ಏಳುತ್ತದೆ. ಆವೃತ್ತಿ 20.00.07.00 ಇರಲಿ. 20ರ ಸಾಲಿನ ಮೊದಮೊದಲ ಆವೃತ್ತಿಗಳಲ್ಲಿ ದೋಷವಿತ್ತು.

ಇದೇ ಕಾರ್ಡಿನ ಇನ್ನೊಂದು ಗುಣ: ಇದು ರ‍್ಯಾಕ್ ಸರ್ವರಿನ ಜೋರು ಗಾಳಿಗೆಂದು ಮಾಡಿದ್ದು. ಮೇಜಿನ ಕೆಳಗಿನ ಟವರ್ ಡಬ್ಬಿಯಲ್ಲಿ ಹಾಕಿದರೆ ಹೀಟ್‌ಸಿಂಕ್ ಮುಟ್ಟಲಾಗದಷ್ಟು ಕಾಯುತ್ತದೆ. ಆಗ ಬರೆಯುವ ಭಾರ ಬಿದ್ದಾಗ ಒಂದೆರಡು ಡಿಸ್ಕ್ ಮಾಯವಾಗುತ್ತವೆ, ತಣ್ಣಗಾದ ಮೇಲೆ ವಾಪಸ್ಸಾಗುತ್ತವೆ. ಹೊಂದಾಣಿಕೆ ದೋಷ ಅನ್ನಿಸುತ್ತದೆ, ಆದರೆ ಕೊರತೆ ಇರುವುದು 40 ಮಿಲಿಮೀಟರಿನ ಒಂದು ಫ್ಯಾನಿನದು.

ಬಲವಂತದ ದಾರಿಯೂ ಇದೆ, ಕೇಳುವವರಿರುತ್ತೀರಿ. ಕ್ಲಸ್ಟರಿನಲ್ಲಿ ಎಸ್2ಡಿ ಬಸ್‌ಟೈಪ್ಸ್ ಎಂಬ ಗುಣದ ಬೆಲೆ ಬದಲಿಸಿದರೆ ರೇಡ್ ಡಿಸ್ಕುಗಳೂ ಒಳಗೆ ಬರುತ್ತವೆ. ಅಭ್ಯಾಸದ ಯಂತ್ರಕ್ಕೆ ಸರಿ. ಲೆಕ್ಕಪತ್ರ ಇರುವ ಯಂತ್ರಕ್ಕೆ ಖಂಡಿತ ಬೇಡ. ಕಾರ್ಡ್ ತನ್ನ ಕ್ಯಾಶ್‌ನಲ್ಲಿ ಇಟ್ಟುಕೊಂಡು ‘ಬರೆದಾಯಿತು’ ಎಂದು ಹೇಳಿದ್ದನ್ನು ಪೂಲ್ ನಂಬುತ್ತದೆ. ಕರೆಂಟ್ ಹೋದ ದಿನ ಎರಡು ಪ್ರತಿಗಳಲ್ಲಿ ಎರಡು ಬೇರೆ ಸತ್ಯ ಇರುತ್ತವೆ.

ಕಾರಣದ ಕಾಲಂ ಓದುವುದು

ಈಗ ಕ್ಯಾನಾಟ್‌ಪೂಲ್‌ರೀಸನ್. ಇದನ್ನು ಜನ ಓದುವುದೇ ಇಲ್ಲ, ಮಾರಾಯ್ರೇ. ಕ್ಯಾನ್‌ಪೂಲ್ ಫಾಲ್ಸ್ ಎಂದು ಕಂಡ ಕೂಡಲೇ ಹುಡುಕಾಟಕ್ಕೆ ಹೊರಡುತ್ತಾರೆ, ಉತ್ತರ ಪಕ್ಕದ ಕಾಲಂನಲ್ಲೇ ಇರುತ್ತದೆ. ‘ಇನ್ ಎ ಪೂಲ್’ ಎಂದರೆ ಡಿಸ್ಕ್ ಆಗಲೇ ಪೂಲಿನಲ್ಲಿದೆ. ಕೆಲಸ ಮುಗಿದ ಮೇಲೆ ಎಲ್ಲ ಡಿಸ್ಕೂ ಹೀಗೇ ತೋರಿಸಬೇಕು, ಅದು ದೋಷವಲ್ಲ. ‘ಇನ್‌ಸಫಿಶಿಯೆಂಟ್ ಕೆಪ್ಯಾಸಿಟಿ’ ಎಂದರೆ ಡಿಸ್ಕ್ ಚಿಕ್ಕದು ಎಂದಲ್ಲ, ಹಳೆಯ ಪಾರ್ಟಿಶನ್ ಜಾಗ ಹಿಡಿದು ಕೂತಿದೆ ಎಂದು. 4 ಟಿಬಿಯ ಖಾಲಿ ಡಿಸ್ಕಿಗೆ ಜಾಗ ಸಾಲದು ಎಂದರೆ ಯಾರಿಗಾದರೂ ತಲೆ ಕೆಡುತ್ತದೆ. ಕ್ಲಿಯರ್-ಡಿಸ್ಕ್ ಕೊಟ್ಟರೆ ಸರಿಹೋಗುತ್ತದೆ. ‘ರಿಮೂವಬಲ್ ಮೀಡಿಯಾ’ ಎಂದರೆ ಯುಎಸ್‌ಬಿಯಂಥದ್ದು. ‘ಆಫ್‌ಲೈನ್’ ಇದ್ದರೆ ಸೆಟ್-ಡಿಸ್ಕ್‌ನಲ್ಲಿ ಆನ್‌ಲೈನ್ ಮಾಡಿ, ರೀಡ್ಓನ್ಲಿಯನ್ನೂ ತೆಗೆಯಿರಿ. ‘ನಾಟ್ ಹೆಲ್ದಿ’ ಇದ್ದರೆ ವಾದ ಮಾಡದೆ ಡಿಸ್ಕ್ ಬದಲಿಸಿ.

‘ಹಾರ್ಡ್‌ವೇರ್ ನಾಟ್ ಕಂಪ್ಲಯಂಟ್’, ‘ಫರ್ಮ್‌ವೇರ್ ನಾಟ್ ಕಂಪ್ಲಯಂಟ್’ ಎಂಬ ಎರಡು ಬೇರೆ ಜಾತಿ. ಹೆಸರು ಕೇಳಿದರೆ ಡಿಸ್ಕಿನ ಕಬ್ಬಿಣದಲ್ಲೇ ಏನೋ ಕೊರತೆ ಅನ್ನಿಸುತ್ತದೆ. ವಿಷಯ ಅದಲ್ಲ. ಆ ಕ್ಲಸ್ಟರಿನ ಹೆಲ್ತ್ ಸರ್ವಿಸ್‌ನಲ್ಲಿ ಯಾರೋ ಒಪ್ಪಿಗೆ ಪಟ್ಟಿ ಹಾಕಿಟ್ಟಿದ್ದಾರೆ, ಅದರ ಹೆಸರು ಸಪೋರ್ಟೆಡ್ ಕಾಂಪೊನೆಂಟ್ಸ್ ಡಾಕ್ಯುಮೆಂಟ್. ಎಕ್ಸ್‌ಎಂಎಲ್ ಫೈಲ್. ಅದರಲ್ಲಿ ತಯಾರಕ, ಮಾಡೆಲ್, ಒಪ್ಪಿದ ಫರ್ಮ್‌ವೇರ್ ಬರೆದಿರುತ್ತದೆ. ಪಟ್ಟಿಯೇ ಇಲ್ಲದಿದ್ದರೆ ಈ ದೋಷ ಬರುವುದೇ ಇಲ್ಲ. ಹಳೆಯ ಡಿಸ್ಕ್ ಸತ್ತು ಹೊಸದು ತಂದಾಗ ಮಾಡೆಲ್ ನಂಬರಿನ ಕೊನೆಯಲ್ಲಿ ಒಂದಕ್ಷರ ಬೇರೆಯಿದ್ದರೂ ಪಟ್ಟಿಗೆ ಅದು ಅಪರಿಚಿತ. ಗೆಟ್-ಫಿಸಿಕಲ್‌ಡಿಸ್ಕ್ ತೋರಿಸುವ ಮಾಡೆಲ್ ಹೆಸರನ್ನು ಹಾಗೇ ಕಾಪಿ ಮಾಡಿ ಪಟ್ಟಿಗೆ ಸೇರಿಸಿ, ಸೆಟ್-ಸ್ಟೋರೇಜ್‌ಹೆಲ್ತ್‌ಸೆಟ್ಟಿಂಗ್ ಮೂಲಕ ಮತ್ತೆ ಹಾಕಿ. ಡಬ್ಬಿಯ ಮೇಲಿನ ಹೆಸರನ್ನು ನೋಡಿ ಟೈಪ್ ಮಾಡಬೇಡಿ. ಕೊಳ್ಳುವಾಗಲೂ ಇದೇ ಎಚ್ಚರ ಬೇಕು: ಸೀಗೇಟಿನ ಎಸ್‌ಟಿ4000ಎನ್‌ಎಂ0033 ಸಾಟಾ, ಎಸ್‌ಟಿ4000ಎನ್‌ಎಂ0023 ಸ್ಯಾಸ್. ಒಂದಂಕಿ ತಪ್ಪಿದರೆ ಮದರ್‌ಬೋರ್ಡಿನ ಸಾಟಾ ಕೇಬಲ್ ಡಿಸ್ಕಿಗೆ ಕೂರುವುದೇ ಇಲ್ಲ. ಸಾಟಾ ಡಿಸ್ಕ್ ಸ್ಯಾಸ್ ಜಾಗದಲ್ಲಿ ಕೂರುತ್ತದೆ, ಸ್ಯಾಸ್ ಡಿಸ್ಕ್ ಸಾಟಾ ಜಾಗದಲ್ಲಿ ಕೂರದು.

520ರ ಡಿಸ್ಕ್

ದೊಡ್ಡ ಸ್ಟೋರೇಜ್ ಪೆಟ್ಟಿಗೆಗಳಿಂದ ಬಿಚ್ಚಿದ ಸ್ಯಾಸ್ ಡಿಸ್ಕ್‌ಗಳು ಮಾರುಕಟ್ಟೆಗೆ ಬರುತ್ತವೆ. ಬೆಲೆ ಕಡಿಮೆ, ಡಿಸ್ಕ್ ಗಟ್ಟಿ. ಆದರೆ ಆ ಪೆಟ್ಟಿಗೆಗಳು ಪ್ರತಿ ಸೆಕ್ಟರಿಗೆ 512 ಬೈಟ್ ಬದಲು 520 ಅಥವಾ 528 ಬೈಟ್ ಇಟ್ಟುಕೊಂಡಿರುತ್ತವೆ. ಹೆಚ್ಚಿನ ಎಂಟು ಅಥವಾ ಹದಿನಾರು ಬೈಟ್ ಅವುಗಳ ಸ್ವಂತ ತಾಳೆ ಲೆಕ್ಕಕ್ಕೆ. ನಮ್ಮ ಸಿಸ್ಟಮ್‌ಗೆ ಈ ಅಳತೆ ಗೊತ್ತಿಲ್ಲ. ಲಿನಕ್ಸ್‌ನ ಡಿಮೆಸೇಜ್‌ನಲ್ಲಿ (ಸಿಸ್ಟಮ್ ಬರೆದಿಡುವ ಸಂದೇಶಗಳ ಪಟ್ಟಿ) ‘ಅನ್‌ಸಪೋರ್ಟೆಡ್ ಸೆಕ್ಟರ್ ಸೈಜ್ 520’ ಎಂದು ಬರುತ್ತದೆ, ಡಿಸ್ಕಿನ ಗಾತ್ರ ಸೊನ್ನೆ.

ಇದನ್ನು ಸರಿಮಾಡಬಹುದು. ಐಟಿ ಮೋಡಿನ ಎಚ್‌ಬಿಎ ಇರುವ ಯಂತ್ರದಲ್ಲಿ ಲಿನಕ್ಸ್ ಲೈವ್ ಪೆನ್‌ಡ್ರೈವ್ ಹಾಕಿ, ಎಸ್‌ಜಿ3-ಯುಟಿಲ್ಸ್ ಹಾಕಿಕೊಳ್ಳಿ. ಎಸ್‌ಜಿ_ರೀಡ್‌ಕ್ಯಾಪ್ ಕೊಟ್ಟು ಸೆಕ್ಟರ್ ಅಳತೆ ನೋಡಿ. ಆಮೇಲೆ ಎಸ್‌ಜಿ_ಫಾರ್ಮ್ಯಾಟ್‌ಗೆ ಫಾರ್ಮ್ಯಾಟ್ ಎಂದೂ ಸೈಜ್ 512 ಎಂದೂ ಹೇಳಿ ಡಿಸ್ಕಿನ ಹೆಸರು ಕೊಡಿ. ಡಿಸ್ಕ್ ತನ್ನ ತಟ್ಟೆಗಳನ್ನು ಮೊದಲಿನಿಂದ ಕೊನೆವರೆಗೆ ಹೊಸದಾಗಿ ಗೆರೆ ಹಾಕುತ್ತದೆ. ಸೆಕೆಂಡಿಗೆ ಸರಾಸರಿ 150 ಎಂಬಿ ಎಂದು ಹಿಡಿದರೆ 4 ಟಿಬಿಗೆ ಏಳೂವರೆ ಗಂಟೆ. ಬೇರೆ ಬೇರೆ ಟರ್ಮಿನಲ್ ತೆರೆದು ಎಂಟು ಡಿಸ್ಕ್ ಒಟ್ಟಿಗೇ ಹಾಕಬಹುದು. ಕೆಲಸ ಡಿಸ್ಕಿನೊಳಗೇ ನಡೆಯುವುದರಿಂದ ಯಂತ್ರಕ್ಕೆ ಭಾರವಿಲ್ಲ. ನಡುವೆ ಕರೆಂಟ್ ಹೋದರೆ ಡಿಸ್ಕ್ ‘ಮೀಡಿಯಂ ಫಾರ್ಮ್ಯಾಟ್ ಕರಪ್ಟೆಡ್’ ಎನ್ನುತ್ತದೆ. ಸತ್ತಿರುವುದಿಲ್ಲ, ಮೊದಲಿನಿಂದ ಮತ್ತೆ ಹಾಕಬೇಕು, ಅಷ್ಟೇ. ಸಂಜೆ ಹಾಕಿ ಬೆಳಗ್ಗೆ ನೋಡುವ ಕೆಲಸ ಇದು.

512 ಆದ ಮೇಲೂ ತಕರಾರು ಉಳಿದರೆ ಡಿಮೆಸೇಜ್‌ನಲ್ಲಿ ‘ಡಿಐಎಫ್ ಟೈಪ್ 2 ಪ್ರೊಟೆಕ್ಷನ್’ ಎಂಬ ಸಾಲು ಇದೆಯೇ ನೋಡಿ. ಅದೂ ಸೆಕ್ಟರಿಗೆ ಎಂಟು ಬೈಟ್ ಸೇರಿಸುವ ಏರ್ಪಾಟೇ, ಆದರೆ ಗುಟ್ಟಾಗಿ. ಅದೇ ಫಾರ್ಮ್ಯಾಟ್ ಕಮಾಂಡಿಗೆ ಎಫ್‌ಎಂಟಿಪಿಇನ್‌ಫೊ 0 ಎಂದು ಸೇರಿಸಿ ಇನ್ನೊಮ್ಮೆ ಓಡಿಸಬೇಕು. ಇದು ಮೊದಲೇ ಗೊತ್ತಿದ್ದರೆ ಎರಡನ್ನೂ ಒಂದೇ ಸಲಕ್ಕೆ ಮುಗಿಸಿ ಒಂದು ರಾತ್ರಿ ಉಳಿಸಬಹುದು.

ಇನ್ನು 4ಕೆ. ಕೆಲವು ಡಿಸ್ಕ್ ಒಳಗೆ 4096 ಬೈಟಿನ ಸೆಕ್ಟರ್ ಇಟ್ಟುಕೊಂಡು ಹೊರಗೆ 512 ಎನ್ನುತ್ತವೆ, ಅವು 512ಇ. ಕೆಲವು ಒಳಗೂ ಹೊರಗೂ 4096, ಅವು 4ಕೆ ನೇಟಿವ್. 512ರ ಲೆಕ್ಕದಲ್ಲಿ ಕಟ್ಟಿದ ಪೂಲಿಗೆ 4ಕೆ ನೇಟಿವ್ ಡಿಸ್ಕ್ ಸೇರುವುದಿಲ್ಲ. ಝಡ್‌ಎಫ್‌ಎಸ್‌ನಲ್ಲಿ ಇದನ್ನು ಆಶಿಫ್ಟ್ ನಿರ್ಧರಿಸುತ್ತದೆ: 9 ಎಂದರೆ 512, 12 ಎಂದರೆ 4096. ಕಟ್ಟಿದ ಮೇಲೆ ಬದಲಾಗದು. ಆದ್ದರಿಂದ ಇವತ್ತು ಇರುವುದೆಲ್ಲ 512ರ ಡಿಸ್ಕೇ ಆದರೂ ಪೂಲ್ ಕಟ್ಟುವಾಗಲೇ ಆಶಿಫ್ಟ್ 12 ಎಂದು ಕೈಯಾರೆ ಬರೆಯಿರಿ. ಮೂರು ವರ್ಷದ ಮೇಲೆ ಒಂದು ಡಿಸ್ಕ್ ಸತ್ತಾಗ ಅಂಗಡಿಯಲ್ಲಿ ಸಿಗುವುದು ಯಾವುದೆಂದು ಹೇಳಬರುವುದಿಲ್ಲ.

ಹಳೆಯ ಬಾಡಿಗೆದಾರರ ಬೋರ್ಡು

ಬಸ್‌ಟೈಪ್ ಸರಿ, ಸೆಕ್ಟರ್ ಸರಿ, ಆದರೂ ಒಲ್ಲೆ ಎಂದರೆ ಡಿಸ್ಕಿನ ಮೇಲೆ ಹಿಂದಿನವರ ಗುರುತು ಉಳಿದಿದೆ. ಸೆಫ್ ಇದನ್ನು ಚೆನ್ನಾಗಿ ಹೇಳುತ್ತದೆ. ಸೆಫ್-ವಾಲ್ಯೂಮ್ ಇನ್ವೆಂಟರಿ ಕೇಳಿದರೆ ಅವೇಲಬಲ್ ಫಾಲ್ಸ್, ಕಾರಣ ‘ಹ್ಯಾಸ್ ಎ ಫೈಲ್‌ಸಿಸ್ಟಮ್’, ‘ಎಲ್‌ವಿಎಂ ಡಿಟೆಕ್ಟೆಡ್’, ‘ಹ್ಯಾಸ್ ಜಿಪಿಟಿ ಹೆಡರ್ಸ್’, ‘ಲಾಕ್ಡ್’ ಎಂದು ಸಾಲಾಗಿ ಬರೆಯುತ್ತದೆ. ಸೆಫ್-ವಾಲ್ಯೂಮ್ ಎಲ್‌ವಿಎಂ ಝ್ಯಾಪ್, ಜೊತೆಗೆ ಡಿಸ್ಟ್ರಾಯ್ ಎಂದರೆ ಹೋಗುತ್ತದೆ.

ಜನ ಮಾಡುವ ತಪ್ಪು ಯಾವುದೆಂದರೆ ಡಿಡಿ ಕಮಾಂಡಿನಲ್ಲಿ ಮೊದಲ 100 ಎಂಬಿಗೆ ಸೊನ್ನೆ ಬಳಿದು ಡಿಸ್ಕ್ ಶುದ್ಧವಾಯಿತು ಎಂದುಕೊಳ್ಳುವುದು. ಬಾಗಿಲ ಬೋರ್ಡು ತೆಗೆದರೆ ಸಾಲದು, ಹಿತ್ತಲಿನಲ್ಲೂ ಒಂದಿದೆ. ಜಿಪಿಟಿ, ಅಂದರೆ ಪಾರ್ಟಿಶನ್‌ಗಳ ಪಟ್ಟಿ, ತನ್ನ ಎರಡನೇ ಪ್ರತಿಯನ್ನು ಡಿಸ್ಕಿನ ಕಟ್ಟಕಡೆಯಲ್ಲಿ ಇಡುತ್ತದೆ. ಝಡ್‌ಎಫ್‌ಎಸ್ 256 ಕೆಬಿಯ ನಾಲ್ಕು ಲೇಬಲ್ ಇಡುತ್ತದೆ, ಎರಡು ಆರಂಭದಲ್ಲಿ, ಎರಡು ಕೊನೆಯಲ್ಲಿ. ಲಿನಕ್ಸಿನ ಎಂಡಿ ರೇಡ್‌ನ 0.90 ಮತ್ತು 1.0 ಆವೃತ್ತಿಗಳೂ ಕೊನೆಯಲ್ಲೇ ಬರೆಯುತ್ತವೆ. ಆದ್ದರಿಂದ ಎಸ್‌ಜಿಡಿಸ್ಕ್‌ಗೆ ಝ್ಯಾಪ್-ಆಲ್, ವೈಪ್‌ಎಫ್‌ಎಸ್‌ಗೆ ಹೈಫನ್ ಎ, ಎಂಡಿಎಡಿಎಂಗೆ ಝೀರೋ-ಸೂಪರ್‌ಬ್ಲಾಕ್, ಝಡ್‌ಪೂಲ್‌ಗೆ ಲೇಬಲ್‌ಕ್ಲಿಯರ್. ವೈಪ್‌ಎಫ್‌ಎಸ್‌ಗೆ ಎ ಕೊಡದಿದ್ದರೆ ಅದು ಗುರುತುಗಳ ಪಟ್ಟಿ ಮಾತ್ರ ತೋರಿಸುತ್ತದೆ, ಅಳಿಸುವುದಿಲ್ಲ. ಮೊದಲು ಹಾಗೇ ಓಡಿಸಿ ನೋಡುವುದು ಒಳ್ಳೆಯ ಅಭ್ಯಾಸ. ಲೇಬಲ್‌ಕ್ಲಿಯರನ್ನು ಇಡೀ ಡಿಸ್ಕಿನ ಮೇಲೆ ಓಡಿಸಿದರೆ ಕೆಲವೊಮ್ಮೆ ಏನೂ ಸಿಗುವುದಿಲ್ಲ. ಲಿನಕ್ಸ್‌ನ ಝಡ್‌ಎಫ್‌ಎಸ್ ಡಿಸ್ಕ್ ಮೇಲೆ 1 ಮತ್ತು 9 ಎಂದು ಎರಡು ಪಾರ್ಟಿಶನ್ ಮಾಡಿರುತ್ತದೆ, ಲೇಬಲ್ ಇರುವುದು 1ರ ಮೇಲೆ. ಝ್ಯಾಪ್ ಮಾಡುವ ಮೊದಲೇ ಅಲ್ಲಿ ಓಡಿಸಬೇಕು. ಪಾರ್ಟಿಶನ್ ಹೋದ ಮೇಲೆ ಲೇಬಲ್ ಹುಡುಕುವುದು ಕಷ್ಟ.

ವಿಂಡೋಸ್‌ನಲ್ಲಿ ಹಳೆಯ ಪೂಲಿನ ಡಿಸ್ಕ್ ‘ಅನ್‌ರೆಕಗ್ನೈಸ್ಡ್ ಮೆಟಾಡೇಟಾ’ ಎನ್ನುತ್ತದೆ. ರೀಸೆಟ್-ಫಿಸಿಕಲ್‌ಡಿಸ್ಕ್ ಕೊಡಿ. ಹಳೆಯ ಪೂಲೇ ಪೂರ್ತಿ ಕಾಣುತ್ತಿದ್ದರೆ ಮೊದಲು ಅದರ ರೀಡ್ಓನ್ಲಿ ತೆಗೆದು, ವರ್ಚುವಲ್ ಡಿಸ್ಕ್, ಪೂಲ್ ಈ ಕ್ರಮದಲ್ಲಿ ಅಳಿಸಿ, ಆಮೇಲೆ ರೀಸೆಟ್ ಮಾಡಿ. ಈ ಕಮಾಂಡ್‌ಗಳಲ್ಲಿ ಹಲವು ಮತ್ತೆ ಕೇಳದೆ ಡೇಟಾ ಅಳಿಸುತ್ತವೆ. ಡಿಸ್ಕ್ 3, ಡಿಸ್ಕ್ 4 ಎಂಬ ನಂಬರ್ ನಂಬಬೇಡಿ, ರೀಸ್ಟಾರ್ಟ್ ಆದರೆ ಅವು ಅದಲುಬದಲಾಗಬಹುದು. ಹಾಕುವ ಮೊದಲೇ ಪ್ರತಿ ಡಿಸ್ಕಿನ ಸ್ಟಿಕರ್ ಫೋಟೋ ತೆಗೆದು, ಸೀರಿಯಲ್ ನಂಬರಿನ ಕೊನೆಯ ನಾಲ್ಕು ಅಕ್ಷರ ಟ್ರೇಯ ಮೇಲೆ ಬರೆದಿಡಿ.

ಉಬುಂಟು ಇಟ್ಟವರಿಗೆ ಒಂದು ಮಾತು. ಡಿಸ್ಕ್ ಪೂರ್ತಿ ಖಾಲಿ, ಆದರೂ ‘ಡಿವೈಸ್ ಆರ್ ರಿಸೋರ್ಸ್ ಬಿಝಿ’ ಎಂದರೆ ಮಲ್ಟಿಪಾತ್‌ಡಿ ಎಂಬ ಸೇವೆ ಅದನ್ನು ಹಿಡಿದುಕೊಂಡಿರಬಹುದು. ಎರಡು ದಾರಿಯ ಸ್ಯಾಸ್ ಪೆಟ್ಟಿಗೆ ಇಲ್ಲದಿದ್ದರೆ ಆ ಸೇವೆಯೇ ಬೇಡ, ನಿಲ್ಲಿಸಿ.

27 ಪರ್ಸೆಂಟ್

ಎನೇಬಲ್-ಕ್ಲಸ್ಟರ್‌ಎಸ್2ಡಿ ಕೊಟ್ಟ ಮೇಲೆ 27 ಪರ್ಸೆಂಟಿಗೆ ಬಂದು ‘ವೇಟಿಂಗ್ ಅಂಟಿಲ್ ಎಸ್‌ಬಿಎಲ್ ಡಿಸ್ಕ್ಸ್ ಆರ್ ಸರ್ಫೇಸ್ಡ್’ ಎಂದು ನಿಂತುಬಿಟ್ಟರೆ, ಮೇಲೆ ಹೇಳಿದ್ದರಲ್ಲಿ ಒಂದನ್ನು ಬಿಟ್ಟಿದ್ದೀರಿ. ಒಂದು ಸರ್ವರಿನ ಡಿಸ್ಕ್ ಇನ್ನೊಂದಕ್ಕೆ ಕಾಣಲಿ ಎಂದು ಅದು ಕಾಯುತ್ತಿದೆ. ಇಲ್ಲಿಗೆ ಬರುವ ಮೊದಲೇ ಟೆಸ್ಟ್-ಕ್ಲಸ್ಟರ್ ಓಡಿಸಬೇಕು, ಅದರಲ್ಲಿ ಸ್ಟೋರೇಜ್ ಸ್ಪೇಸಸ್ ಡೈರೆಕ್ಟ್, ಇನ್ವೆಂಟರಿ, ನೆಟ್‌ವರ್ಕ್, ಸಿಸ್ಟಮ್ ಕಾನ್ಫಿಗರೇಶನ್ ನಾಲ್ಕನ್ನೂ ಸೇರಿಸಬೇಕು. ವರದಿ ವಿಂಡೋಸ್ ಫೋಲ್ಡರಿನ ಕ್ಲಸ್ಟರ್, ಅದರೊಳಗೆ ರಿಪೋರ್ಟ್ಸ್‌ನಲ್ಲಿ ಬೀಳುತ್ತದೆ. ಯಾವ ಡಿಸ್ಕ್ ಏಕೆ ಅನರ್ಹ ಎಂದು ಅದರಲ್ಲಿದೆ. ವಿಂಡೋಸ್ ಡೇಟಾಸೆಂಟರ್ ಆವೃತ್ತಿಯೇ ಬೇಕು, 2016ರಿಂದಲೂ ಇದೇ ನಿಯಮ. ಸ್ಟ್ಯಾಂಡರ್ಡ್ ಕೊಂಡು ಡಿಸ್ಕನ್ನು ಬೈಯಬೇಡಿ.

ಸಭೆಯ ಪ್ರಶ್ನೆಗಳು

ಪತಪೆಢಿ (ಸಹಕಾರಿ ಸಾಲ ಸಂಘ) ಒಂದರ ಹಿರಿಯರು ಕೇಳಿದರು: ‘ನಮ್ಮಲ್ಲಿ ರೇಡ್ ಕಾರ್ಡ್ ತೆಗೆಯುವ ಹಾಗಿಲ್ಲ. ಒಂದೊಂದು ಡಿಸ್ಕನ್ನೂ ಒಂಟಿ ರೇಡ್ ಝೀರೋ ಮಾಡಿ ಪೂಲಿಗೆ ಕೊಟ್ಟರೆ ಆಗುವುದಿಲ್ಲವೇ?’

ಬೇಡ ಸರ್. ಕಾರ್ಡ್ ಪ್ರತಿ ಡಿಸ್ಕಿಗೂ ತನ್ನದೇ ಹೆಸರಿಡುತ್ತದೆ, ಅಸಲಿ ಸೀರಿಯಲ್ ಕಾಣುವುದಿಲ್ಲ. ಕೆಲವು ಕಾರ್ಡ್ ಎಲ್ಲದಕ್ಕೂ ಒಂದೇ ಯೂನಿಕ್‌ಐಡಿ ಕೊಡುತ್ತವೆ, ಆಗ ನಾಲ್ಕರಲ್ಲಿ ಒಂದೇ ಡಿಸ್ಕ್ ಪೂಲಿಗೆ ಸೇರುತ್ತದೆ. ಸ್ಮಾರ್ಟ್ ವಿವರ ಬಾರದು. ಡಿಸ್ಕ್ ಬದಲಿಸಿದಾಗ ಕಾರ್ಡಿನ ಮೆನುವಿಗೆ ಹೋಗಿ ಹೊಸದಾಗಿ ರೇಡ್ ಝೀರೋ ಮಾಡಬೇಕು, ಕಾರ್ಡ್ ಸತ್ತರೆ ಅದೇ ಜಾತಿಯದನ್ನು ಹುಡುಕಬೇಕು. ಕಾರ್ಡ್ ಇಟ್ಟುಕೊಳ್ಳಲೇಬೇಕಾದರೆ ರೇಡ್ ಅದರ ಕೈಗೇ ಬಿಡಿ, ಮೇಲೆ ಸಾದಾ ವಾಲ್ಯೂಮ್ ಮಾಡಿ, ಪೂಲಿನ ಆಸೆ ಬಿಡಿ. ಅದು ಕೀಳೇನಲ್ಲ.

ಒಬ್ಬ ಯುವತಿ: ‘ಸರ್, ವಿಎಂವೇರ್‌ನಲ್ಲಿ ಅಭ್ಯಾಸಕ್ಕೆ ಕಟ್ಟುತ್ತಿದ್ದೇನೆ. ಡಿಸ್ಕ್ ಕಾಣುತ್ತವೆ, ಸೀರಿಯಲ್ ನಂಬರ್ ಖಾಲಿ.’

ವಿಎಂ ಆಫ್ ಮಾಡಿ, ಅದರ ಅಡ್ವಾನ್ಸ್ಡ್ ಸೆಟ್ಟಿಂಗ್‌ನಲ್ಲಿ ಡಿಸ್ಕ್ ಡಾಟ್ ಎನೇಬಲ್‌ಯುಯುಐಡಿ ಎಂಬುದನ್ನು ಟ್ರೂ ಎಂದು ಸೇರಿಸಮ್ಮ. ನಂಬರ್ ಬರುತ್ತದೆ. ಪ್ರಾಕ್ಸ್‌ಮಾಕ್ಸ್ ಆದರೆ ಡಿಸ್ಕ್ ಸೇರಿಸುವ ಸಾಲಿನಲ್ಲೇ ಸೀರಿಯಲ್ ಎಂದು ಬರೆದು ಒಂದೊಂದಕ್ಕೂ ಬೇರೆ ಬೇರೆ ಹೆಸರು ಕೊಡಬೇಕು.

ಇನ್ನೊಬ್ಬರು: ‘ಪೂಲ್ ಕಟ್ಟುವಾಗ ತಕರಾರಿರಲಿಲ್ಲ. ಡಿಸ್ಕ್ ಬದಲಿಸಿ ಮತ್ತೆ ತುಂಬಿಸುವಾಗ ಹೊಸ ಡಿಸ್ಕ್ ಹೊರಬೀಳುತ್ತದೆ.’

ಮಾಡೆಲ್ ನೋಡಿ, ಎಸ್‌ಎಂಆರ್ ಇರಬಹುದು. ಹೆಂಚು ಹೊದಿಸಿದ ಹಾಗೆ ಒಂದರ ಮೇಲೊಂದು ಗೆರೆ ಬರೆಯುವ ಡಿಸ್ಕ್ ಅದು. ಒಂದು ಗೆರೆ ಬದಲಿಸಲು ಪಕ್ಕದ ಗೆರೆಗಳನ್ನೂ ಬರೆಯಬೇಕು. ಗಂಟೆಗಟ್ಟಲೆ ಬಿಡುವಿಲ್ಲದೆ ಬರೆದರೆ ಉತ್ತರ ಕೊಡಲು ತಡವಾಗುತ್ತದೆ, ಪೂಲ್ ಅದನ್ನು ಸತ್ತಿದೆ ಎಂದು ಹೊರಹಾಕುತ್ತದೆ. 2020ರ ಏಪ್ರಿಲ್‌ನಲ್ಲಿ ವೆಸ್ಟರ್ನ್ ಡಿಜಿಟಲ್ ತನ್ನ ರೆಡ್ ಸಾಲಿನ 2ರಿಂದ 6 ಟಿಬಿ ಡಿಸ್ಕುಗಳಲ್ಲಿ ಎಸ್‌ಎಂಆರ್ ಇದೆ ಎಂದು ಒಪ್ಪಿಕೊಂಡಿತು; ಆಮೇಲೆ ಹೀಗೆ ಹೆಂಚು ಹೊದಿಸದ ಸಿಎಂಆರ್ ಡಿಸ್ಕುಗಳಿಗೆ ರೆಡ್ ಪ್ಲಸ್ ಎಂಬ ಹೆಸರಿಟ್ಟಿತು. ಬಿಲ್ಲಿನಲ್ಲಿ ಸಿಎಂಆರ್ ಎಂದೇ ಬರೆಸಿಕೊಳ್ಳಿ. ಮತ್ತೊಂದು, ಝಡ್‌ಎಫ್‌ಎಸ್ ‘ಡಿವೈಸ್ ಈಸ್ ಟೂ ಸ್ಮಾಲ್’ ಎಂದರೆ ಹೊಸ ಡಿಸ್ಕ್ ಹಳೆಯದಕ್ಕಿಂತ ಕೆಲವೇ ಸೆಕ್ಟರ್ ಚಿಕ್ಕದು. ಎರಡೂ 4 ಟಿಬಿಯೇ, ಆದರೆ ಕಂಪನಿ ಬೇರೆ. ಅದಕ್ಕೆ ಉಪಾಯವಿಲ್ಲ, ಸಮ ಅಥವಾ ದೊಡ್ಡದು ತರಬೇಕು. ಆರು ಡಿಸ್ಕ್ ಕೊಳ್ಳುವ ದಿನವೇ ಏಳನೆಯದನ್ನೂ ಅದೇ ಮಾಡೆಲ್ ಕೊಂಡು, ಒಮ್ಮೆ ಪೂರ್ತಿ ಬರೆದು ಪರೀಕ್ಷಿಸಿ, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಆಂಟಿಸ್ಟ್ಯಾಟಿಕ್ ಚೀಲದಲ್ಲಿ ಕಟ್ಟಿ ಕಪಾಟಿನಲ್ಲಿಡಿ.